ಮೂರು ಉಕ್ಕಿನ ಗಿಣ್ಣು

ರೇಸಿನ ಕುದುರೆಗಳಿಗೆಲ್ಲ ಹುಟ್ಟುಹಬ್ಬ ಒಂದೇ, ಜನವರಿ ಒಂದು. ಫೆಬ್ರುವರಿಯಲ್ಲಿ ಹುಟ್ಟಿದ್ದಕ್ಕೂ ಏಪ್ರಿಲಿನಲ್ಲಿ ಹುಟ್ಟಿದ್ದಕ್ಕೂ ಅಂದೇ ವಯಸ್ಸು ಏರುತ್ತದೆ. ಡಿಸೆಂಬರ್ ಮೂವತ್ತೊಂದರ ಮಧ್ಯಾಹ್ನ ಹುಟ್ಟಿದ ಮರಿಗೆ ಮರುದಿನ ಬೆಳಿಗ್ಗೆ ಕಾಗದದ ಮೇಲೆ ಒಂದು ವರ್ಷ ತುಂಬಿರುತ್ತದೆ. ಮುಂದೆ ಓಟಕ್ಕಿಳಿದಾಗ ಆ ಬಡಪಾಯಿ ತನಗಿಂತ ಹನ್ನೊಂದು ತಿಂಗಳು ದೊಡ್ಡವರ ಜೊತೆ ಓಡಬೇಕು. ಮಕ್ಕಳನ್ನು ಶಾಲೆಗೆ ಸೇರಿಸುವಾಗ ಹುಟ್ಟಿದ ತಾರೀಖನ್ನು ಮೇಷ್ಟ್ರೇ ತಿದ್ದಿಕೊಡುವ ಸೌಕರ್ಯ ನಮ್ಮಲ್ಲಿ ಬಹುಕಾಲ ಇತ್ತು. ಕುದುರೆಗಳಿಗೆ ಅದಿಲ್ಲ. ಅಲ್ಲಿ ಕ್ಯಾಮೆರಾ ಇರುತ್ತದೆ, ರಕ್ತಪರೀಕ್ಷೆ ಇರುತ್ತದೆ. ತಾರೀಖು ತಿದ್ದಲಾಗದ ಮೇಲೆ ಉಳಿದದ್ದು ಹುಟ್ಟನ್ನೇ ತಿದ್ದುವುದು.

ಡಾಕ್ಟರ್ ಸುಮಂಗಲ ತಡೆಪಟ್ಟಿಯನ್ನು ಕಂಡುಹಿಡಿದದ್ದು ಇದಕ್ಕಲ್ಲ. ದಿನ ತುಂಬುವ ಮೊದಲೇ ಹುಟ್ಟಿ, ಎರಡು ಗಂಟೆ ಏದುಸಿರು ಬಿಟ್ಟು ಸಾಯುವ ಮರಿಗಳನ್ನು ನೋಡಿ ಸಾಕಾಗಿ, ಎಂಟು ವರ್ಷ ಅದರ ಹಿಂದೆ ಬಿದ್ದಿದ್ದಳು. ಗೇಣಗಲದ ಪಟ್ಟಿ. ಗಬ್ಬದ ಕುದುರೆಯ ಹೊಟ್ಟೆಗೆ ಸುತ್ತಿದರೆ ಬೆವರಿನಿಂದಲೇ ಹಾರ್ಮೋನುಗಳನ್ನು ಓದುತ್ತದೆ. ಹೆರಿಗೆಯ ಸುಳಿವು ಸಿಕ್ಕಿದೊಡನೆ ಚರ್ಮದ ಮೂಲಕ ಔಷಧ ಬಿಟ್ಟು ಗರ್ಭಕೋಶವನ್ನು ಸುಮ್ಮನಿರಿಸುತ್ತದೆ. ಪಟ್ಟಿ ಬಿಚ್ಚಿದ ಮೂವತ್ತು ಗಂಟೆಗೆ ಸರಿಯಾಗಿ ಹೆರಿಗೆ. ಐದು ದಿನಕ್ಕಿಂತ ಹೆಚ್ಚು ತಡೆಯಕೂಡದು ಎಂದು ಕೈಪಿಡಿಯಲ್ಲಿ ಅವಳೇ ಬರೆದಿದ್ದಳು. ಕಾರಣ ಬರೆದಿರಲಿಲ್ಲ. ಐದು ದಿನ ದಾಟಿದರೆ ಏನಾಗುತ್ತದೆಂದು ಅವಳಿಗೂ ಗೊತ್ತಿರಲಿಲ್ಲ.

ಮಾಗಡಿ ಕಡೆಯ ಹುಲಿಕಟ್ಟೆ ಸ್ಟಡ್ ಫಾರಮ್ಮಿನಲ್ಲಿ ಅವಳು ಪಶುವೈದ್ಯೆ. ಯಜಮಾನರು ಬೋರಲಿಂಗೇಗೌಡರು, ಕಲ್ಲು ಕ್ವಾರಿಯಿಂದ ಕುದುರೆಗೆ ಬಂದವರು. ಬಂಡೆಯಾದರೂ ಕುದುರೆಯಾದರೂ ಹೊತ್ತಿಗೆ ಸರಿಯಾಗಿ ಸಿಡಿಯಬೇಕು ಎಂಬುದು ಅವರ ಅಭಿಪ್ರಾಯ. ಡಿಸೆಂಬರಿನ ಒಂದು ಭಾನುವಾರ, ಸುಮಂಗಲ ಅತ್ತೆಯ ಜೊತೆ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಅವರ ಫೋನು ಬಂತು.

"ಡಾಕ್ಟ್ರಮ್ಮ, ನಮ್ ಜೋಯಿಸ್ರು ಒಂದು ವಿಸ್ಯ ಹೇಳವ್ರೆ. ಒಂದ್ನೇ ತಾರೀಕು ಬ್ಯಾಡ್ವಂತೆ. ಕುದ್ರೆ ಅಂದ್ಮ್ಯಾಕೆ ಅಶ್ವಿನಿ ನಕ್ಸತ್ರದಲ್ಲೇ ಹುಟ್ಬೇಕಂತೆ."

"ಅಶ್ವಿನಿ ಯಾವತ್ತು ಗೌಡ್ರೇ?"

"ಜನವರಿ ಹನ್ನೊಂದು. ಬೆಳಿಗ್ಗೆ ಒಂಬತ್ರಿಂದ ಹನ್ನೊಂದೂವರೆ ಒಳಗೆ. ಒಂಬತ್ತೂ ಕುದ್ರೆ ಒಟ್ಗೆ."

"ಐದು ದಿನ ಅಂತ ಕೈಪಿಡೀಲಿ ಬರ್ದಿದೀನಿ. ನಮ್ಮ ಮುದಿ ಕುದುರೆ ಅಮ್ಮಣ್ಣಿಗೆ ಈ ವಾರ ದಿನ ತುಂಬುತ್ತೆ. ಒಂದರ ತನಕ ತಡೆಯೋದೇ ಜಾಸ್ತಿ. ಹನ್ನೊಂದರ ತನಕ ಅಂದ್ರೆ ಹತ್ತೊಂಬತ್ತು ದಿನ ಆಗುತ್ತೆ."

"ಬರ್ದಿರೋರು ನೀವೇ ತಾನೆ? ತಿದ್ದೋಕೆ ಇನ್ನೊಬ್ರನ್ನ ಎಲ್ಲಿಂದ ಕರ್ಕೊಂಡ್ಬರಾನ? ಮಂತ್ರಿಗಳು ಬತ್ತಾವ್ರೆ, ಟೀವಿಯೋರು ಬತ್ತಾವ್ರೆ. ನಿಮ್ ಪಟ್ಟಿನ ದೇಸವೇ ನೋಡ್ತದೆ."

ಗೌಡರಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿ ಇತ್ತು. ತಡೆಪಟ್ಟಿಯನ್ನು ದೇಶದ ಎಲ್ಲ ಫಾರಮ್ಮುಗಳಲ್ಲಿ ಬಳಸಲು ಅನುಮತಿ ಬೇಕಿತ್ತು. ಅದನ್ನು ಕೊಡುವವರು ಈ ಒಂಬತ್ತು ಹೆರಿಗೆಗಳ ವರದಿ ಕಾಯುತ್ತಿದ್ದರು. ಸುಮಂಗಲ ಎರಡು ಕಾಯಿ ಸುಲಿಯುವಷ್ಟು ಹೊತ್ತು ಯೋಚಿಸಿ, ಆಗಲಿ ಎಂದಳು.

"ಏನಂತೆ ಗೌಡಂದು?" ಎಂದರು ಅತ್ತೆ ಗಿರಿಜಮ್ಮ.

"ಅಶ್ವಿನಿ ನಕ್ಷತ್ರದ ತನಕ ಕುದುರೆಗಳ ಹೆರಿಗೆ ತಡೀಬೇಕಂತೆ."

"ತಡೀರಿ. ನಿನ್ನ ಮಗಳನ್ನ ಪುಷ್ಯ ನಕ್ಷತ್ರಕ್ಕೆ ಅಂತಲೇ ಅಲ್ವೇನೆ ಕುಯ್ಸಿ ತೆಗ್ಸಿದ್ದು? ನೀನೂ ಹೂಂ ಅಂದಿದ್ದೆ."

"ನನಗಾಗ ನೋವಿತ್ತು."

"ಕುದುರೆಗೂ ಇರುತ್ತೆ. ಹೂಂ ಅನ್ನೋದೊಂದು ಬರಲ್ಲ, ಅಷ್ಟೆ," ಎಂದು ಗಿರಿಜಮ್ಮ ಹುಳುಕು ಕಾಯೊಂದನ್ನು ಪಕ್ಕಕ್ಕೆಸೆದರು.

ಅಮ್ಮಣ್ಣಿ ಎಂಬುದು ಲಾಯದ ಹೆಸರು. ಕಾಗದದಲ್ಲಿ ಅವಳು 'ಕ್ವೀನ್ ಆಫ್ ಕ್ಲೋಸ್‌ಪೇಟ್'. ವಯಸ್ಸು ಹತ್ತೊಂಬತ್ತು. ಇದೇ ಕೊನೆಯ ಬಸಿರು ಎಂದು ಎಲ್ಲರಿಗೂ ಗೊತ್ತಿತ್ತು. ಅವಳ ಸೈಸ್ ಬುಡನ್ ಸಾಬ್ ಹನ್ನೊಂದು ವರ್ಷದಿಂದ ಅವಳಿಗೆ ಮೈ ಉಜ್ಜಿ, ಗೊರಸು ತೊಳೆದು, ಹುಲ್ಲು ಹಾಕಿದವನು. ಅವಳ ಐದು ಮರಿಗಳೂ ದೂರದೂರದ ಊರುಗಳಿಗೆ ಹೋಗಿ ಓಡಿ ಹೆಸರು ಮಾಡಿದ್ದವು. ಬುಡನ್ ಒಂದರ ಓಟವನ್ನೂ ಕಣ್ಣಾರೆ ಕಂಡಿರಲಿಲ್ಲ. ಈ ಆರನೆಯದನ್ನು ಫಾರಮ್ಮಿನಲ್ಲೇ ಇಟ್ಟುಕೊಳ್ಳುತ್ತೇನೆ, ನೀನೇ ಸಾಕು ಎಂದು ಗೌಡರು ಯಾವುದೋ ಖುಷಿಯ ಗಳಿಗೆಯಲ್ಲಿ ಬಾಯಿ ಬಿಟ್ಟಿದ್ದರು. ಗೌಡರು ಅದನ್ನು ಅಂದೇ ಮರೆತಿದ್ದರು. ಬುಡನ್ ಮರೆತಿರಲಿಲ್ಲ. ಆ ಮರಿಗಾಗಿ, ಮೂತಿಗೆ ತೊಡಿಸುವ ಒಂದು ಪುಟ್ಟ ಮೊಗಸರವನ್ನು ತಾನೇ ಕೂತು ಹೊಲಿದಿದ್ದ.

ನಿಯಂತ್ರಣ ಕೊಠಡಿಯಲ್ಲಿ ಒಂಬತ್ತು ಪರದೆಗಳು. ಒಂಬತ್ತರಲ್ಲೂ ಹಸಿರು ದೀಪ. ಡಿಸೆಂಬರ್ ಮೂವತ್ತರ ಬೆಳಿಗ್ಗೆ ಬುಡನ್ ಬಾಗಿಲಲ್ಲಿ ನಿಂತು ಕೆಮ್ಮಿದ.

"ಅಮ್ಮಾ, ಅಮ್ಮಣ್ಣಿದು ಹಾಲು ಸೋರ್ತಾ ಐತೆ."

"ಪರದೇಲಿ ಎಲ್ಲ ಸರಿಯಾಗಿದೆಯಲ್ಲ ಬುಡನ್ ಸಾಬ್ರೇ."

"ಪರದೆಗೆ ಕೆಚ್ಚಲು ಎಲ್ಲೈತಮ್ಮ?"

ಸುಮಂಗಲ ಹೋಗಿ ನೋಡಿದಳು. ಅಮ್ಮಣ್ಣಿಯ ಹಿಂಗಾಲುಗಳ ಒಳಬದಿಯಲ್ಲಿ ಹಾಲು ಇಳಿದು, ಒಣಗಿ, ಗಂಜಿ ಹಾಕಿದಂತೆ ಬಿರುಸಾಗಿತ್ತು. ಕೆಳಗಿನ ಹುಲ್ಲು ಅಂಟಂಟು. ತೊಟ್ಟಿನ ತುದಿಯಿಂದ ಇನ್ನೂ ಹನಿ ಬೀಳುತ್ತಿತ್ತು. ಪಟ್ಟಿ ಗರ್ಭಕೋಶಕ್ಕೆ ಸುಮ್ಮನಿರು ಎಂದು ಹೇಳಿತ್ತು. ಕೆಚ್ಚಲಿಗೆ ಹೇಳಬೇಕೆಂದು ಎಂಟು ವರ್ಷದಲ್ಲಿ ಸುಮಂಗಲಗೆ ಹೊಳೆದಿರಲಿಲ್ಲ.

ಇದರಲ್ಲೇನು ಮಹಾ ಎಂದು ಕೇಳಬಹುದು. ಮನುಷ್ಯರ ಕೂಸು ತಾಯಿಯ ಹೊಟ್ಟೆಯಲ್ಲೇ ಅವಳ ರಕ್ತದಿಂದ ಒಂದಿಷ್ಟು ರೋಗನಿರೋಧಕ ಶಕ್ತಿ ಪಡೆದು ಬರುತ್ತದೆ. ಕುದುರೆಯ ಗರ್ಭದ ಗೋಡೆ ದಪ್ಪ, ಅದನ್ನು ದಾಟಿ ಒಂದು ಪ್ರತಿಕಾಯವೂ ಮರಿಗೆ ತಲುಪುವುದಿಲ್ಲ. ತಾಯಿ ತನ್ನ ಆಯುಷ್ಯದಲ್ಲಿ ಕಾದಾಡಿ ಗೆದ್ದ ಎಲ್ಲ ರೋಗಗಳ ನೆನಪು ಕೆಚ್ಚಲಿನ ಮೊದಲ ಹಾಲಿನಲ್ಲಿ, ಅಂದರೆ ಗಿಣ್ಣಿನಲ್ಲಿ, ಇರುತ್ತದೆ. ಮರಿಯ ಕರುಳು ಅದನ್ನು ಇಡಿಯಾಗಿ ಒಳಗೆ ಬಿಟ್ಟುಕೊಳ್ಳುವುದು ಹುಟ್ಟಿದ ಮೊದಲ ದಿನ ಮಾತ್ರ, ಆಮೇಲೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಗಿಣ್ಣು ಬರುವುದೂ ಒಂದೇ ಸಲ. ಅದು ಸೋರಿ ಹೋದರೆ ಹಿಂದೆ ಬರುವುದು ಬರೀ ಹಾಲು, ಹೊಟ್ಟೆ ತುಂಬಿಸುವ, ಬೇರೇನೂ ಮಾಡದ ಹಾಲು. ಹಿಂದೆಲ್ಲ ಮೊದಲು ಹೆತ್ತ ಕುದುರೆಗಳ ಹೆಚ್ಚಿನ ಗಿಣ್ಣನ್ನು ಫ್ರೀಜರಿನಲ್ಲಿಟ್ಟು, ಆಮೇಲೆ ಹುಟ್ಟುವ ಮರಿಗಳಿಗೆ ಬೇಕಾದರೆ ಕೊಡುತ್ತಿದ್ದರು. ಈ ವರ್ಷ ಮೊದಲು ಹೆತ್ತವರು ಎಂಬುವರೇ ಇರಲಿಲ್ಲ. ಎಲ್ಲರೂ ಅಶ್ವಿನಿ ನಕ್ಷತ್ರಕ್ಕೆ ಕಾಯುತ್ತಿದ್ದರು.

ಸುಮಂಗಲ ಗೌಡರಿಗೆ ಫೋನು ಮಾಡಿದಳು. ಅಮ್ಮಣ್ಣಿಯ ಪಟ್ಟಿಯನ್ನಾದರೂ ಈಗಲೇ ಬಿಚ್ಚೋಣ ಎಂದಳು.

"ಹಾಲು ಸೋರಿದ್ರೆ ಹಾಲು ತರ್ಸಾನ ಬುಡಿ ಡಾಕ್ಟ್ರಮ್ಮ. ಊರಾಗೆ ಡೈರಿ ಇಲ್ವಾ?" ಎಂದರು ಗೌಡರು. "ಈಗ ಬಿಚ್ಚಿದ್ರೆ ನಾಳೆ ಮೂವತ್ತೊಂದಕ್ಕೆ ಹುಟ್ತದೆ. ನಾಡಿದ್ದು ಅದ್ಕೆ ಒಂದು ವರ್ಸ. ಅಂಥಾ ಮರಿ ಕಟ್ಕಂಡು ನಾನೇನ್ ಉಳುಮೆ ಮಾಡ್ಲಾ? ರಾತ್ರಿಗೆ ಬಿಚ್ಚಿದ್ರೆ ಒಂದ್ನೇ ತಾರೀಕು, ಅದ್ನ ಜೋಯಿಸ್ರೇ ಬ್ಯಾಡ ಅಂದವ್ರೆ."

ಫೋನಿಟ್ಟು ತಿರುಗಿದಾಗ ಬುಡನ್ ಇನ್ನೂ ಅಲ್ಲೇ ಇದ್ದ. ಕೈಯಲ್ಲಿ ಮುಚ್ಚಳದ ಸ್ಟೀಲಿನ ಡಬ್ಬಿ.

"ಬೆಳಿಗ್ಗೆಯಿಂದ ಕೆಳಗೆ ಹಿಡ್ದಿದೀನಿ. ಮೊದಲಿಂದು, ದಪ್ಪಗೆ ಜೇನಿನಂಗೆ ಐತೆ. ನಿಮ್ದು ಲ್ಯಾಬಿನ ಫ್ರೀಜರಾಗೆ ಇಟ್ರೆ ಮರಿಗೆ ಆಗ್ತದೆ."

ಅವಳು ಒಂದು ಹನಿಯನ್ನು ಗಿಣ್ಣಿನ ಸತ್ವ ಅಳೆಯುವ ಮಾಪಕದ ಗಾಜಿನ ಮೇಲಿಟ್ಟು ನೋಡಿದಳು. ಅಷ್ಟು ಒಳ್ಳೆಯ ಗಿಣ್ಣನ್ನು ಅವಳು ಬಹಳ ದಿನದಿಂದ ನೋಡಿರಲಿಲ್ಲ. ಆದರೆ ಲ್ಯಾಬಿನ ಫ್ರೀಜರಿಗೆ ಏನೇ ಹೋದರೂ ಅದು ಎಲ್ಲಿಯದು, ಯಾಕೆ ತೆಗೆದದ್ದು ಎಂದು ದಾಖಲಾಗಬೇಕು. ಆ ದಾಖಲೆ ನೇರ ಅನುಮತಿ ಕೊಡುವವರ ಮೇಜಿಗೆ ಹೋಗುತ್ತದೆ. ಪಟ್ಟಿ ಕಟ್ಟಿದ ಕುದುರೆ ಹಾಲು ಸೋರಿಸುತ್ತದೆ ಎಂದು ತನ್ನ ಕೈಯಾರೆ ಬರೆಯಬೇಕು.

"ಹೊರಗಿನ ಪಾತ್ರೆ ಲ್ಯಾಬಿಗೆ ಬರೋ ಹಾಗಿಲ್ಲ ಸಾಬ್ರೇ. ನಿಯಮ."

"ನಿಯಮ ಮಾಡಿದ್ದು ಯಾರಮ್ಮ?"

"ನಾನೇ."

"ಹಂಗಾದ್ರೆ ಕೇಳೋಕೆ ಮೇಲೆ ಯಾರೂ ಇಲ್ಲ," ಎಂದು ಬುಡನ್ ಡಬ್ಬಿಯ ಮುಚ್ಚಳ ಒತ್ತಿದ.

"ಮನೇಲಿ ಫ್ರಿಡ್ಜ್ ಇದೆಯಲ್ಲ, ಐಸ್ ಆಗೋ ಕಡೆ ಇಡಿ," ಎಂದಳು ಸುಮಂಗಲ, ಪರದೆಗಳ ಕಡೆ ನೋಡುತ್ತ. "ನಾನು ಇದನ್ನ ನೋಡಿಲ್ಲ."

ಸೈಸುಗಳ ಮನೆಗಳು ಫಾರಮ್ಮಿನ ಬೇಲಿಯ ಹಿಂದೆ, ಒಂದೇ ಸಾಲಿನಲ್ಲಿ. ಬುಡನ್ ಡಬ್ಬಿಯನ್ನು ಒಳಗೆ ತಂದಾಗ ಹೆಂಡತಿ ಮೆಹಬೂಬಿ ಮೂಗು ಮುಚ್ಚಿಕೊಂಡಳು.

"ಕುದುರೆ ಹಾಲಾ? ನಂದು ಫ್ರಿಡ್ಜಾಗೆ? ತೌಬಾ!"

"ಕುದುರೆ ಹಾಲಲ್ಲ ಕಣೇ, ಮಗೂದು ಹಾಲು. ಹುಟ್ಟೋದು ಐತೆ, ಅದ್ರದು."

ಮಗು ಎಂದ ಮೇಲೆ ಮೆಹಬೂಬಿಯ ವಾದ ಮುಗಿಯಿತು. ಮೀನಿನ ಪೊಟ್ಟಣ ತೆಗೆದು ನೆರೆಯವರ ಫ್ರಿಡ್ಜಿಗೆ ಸಾಗಿಸಿದಳು. ಐಸಿನ ಅರೆಯನ್ನು ಬಿಸಿನೀರಿನಲ್ಲಿ ಎರಡು ಸಲ ತೊಳೆದಳು. ಡಬ್ಬಿಗೆ ಒಗೆದ ಬಟ್ಟೆ ಸುತ್ತಿ ಇಟ್ಟು, ಮನೆಗೆ ಬಂದವರಿಗೆಲ್ಲ ಅದರ ಕಡೆ ಕೈ ಮಾಡಿದರೆ ಕೈ ಇರುವುದಿಲ್ಲ ಎಂದು ತಿಳಿಸಿದಳು. ಮುಂದಿನ ಎರಡು ದಿನ ಬುಡನ್ ಇನ್ನಷ್ಟು ತಂದು ಸೇರಿಸಿದ. ಆಮೇಲೆ ಅಮ್ಮಣ್ಣಿಯ ಹಾಲು ತೆಳ್ಳಗಾಯಿತು. ಅವನು ತರುವುದನ್ನು ನಿಲ್ಲಿಸಿದ.

ಜನವರಿ ಹನ್ನೊಂದರಂದು ಲಾಯದ ಮುಂದೆ ಶಾಮಿಯಾನ ಎದ್ದಿತ್ತು. ಮಂತ್ರಿಗಳು ಬಂದರು, ಟೀವಿಯವರು ಬಂದರು, ತಲೆಯ ಮೇಲೆ ಡ್ರೋನು ಗುಂಯ್‌ಗುಟ್ಟಿತು. ಜೋಯಿಸರು ಗಡಿಯಾರ ನೋಡಿ ತಲೆಯಾಡಿಸುವುದಕ್ಕೂ ಮೊದಲ ಕುದುರೆ ಮಲಗುವುದಕ್ಕೂ ಸರಿಹೋಯಿತು. ಒಂಬತ್ತರಿಂದ ಹನ್ನೊಂದೂವರೆಯ ಒಳಗೆ ಒಂಬತ್ತು ಮರಿಗಳು. ಮನುಷ್ಯರ ಮದುವೆಯೂ ಇಷ್ಟು ಕರಾರುವಾಕ್ಕಾಗಿ ಮುಹೂರ್ತ ಹಿಡಿದದ್ದು ಆ ಸೀಮೆಯಲ್ಲಿ ಯಾರಿಗೂ ನೆನಪಿಲ್ಲ. ಅಮ್ಮಣ್ಣಿ ಹೆತ್ತದ್ದು ಒಂಬತ್ತು ನಲವತ್ತಕ್ಕೆ. ಕೆಂಪು ಗಂಡು ಮರಿ. ಅರ್ಧ ಗಂಟೆಯಲ್ಲಿ ಎದ್ದು ನಿಂತು, ಬಿದ್ದು, ಮತ್ತೆ ನಿಂತಿತು. ಜನ ಚಪ್ಪಾಳೆ ತಟ್ಟಿದರು. ಬುಡನ್ ಅದರ ಮೂತಿಯನ್ನು ತನ್ನ ಹೆಗಲ ಟವೆಲಿನಿಂದ ಒರೆಸಿ, ಯಾರಿಗೂ ಕೇಳಿಸದಂತೆ ಅದರ ಕಿವಿಯಲ್ಲಿ ಏನೋ ಹೇಳಿದ.

ಸುಮಂಗಲ ಒಂದೊಂದು ಕೆಚ್ಚಲಿನಿಂದಲೂ ಒಂದೊಂದು ಹನಿ ತೆಗೆದು ಮಾಪಕದಲ್ಲಿ ನೋಡಿದಳು. ಎಲ್ಲ ಮುಗಿದಾಗ ಲೆಕ್ಕ ಸ್ಪಷ್ಟವಿತ್ತು. ನಾಲ್ಕರದು ಗಿಣ್ಣು, ಅದೂ ಸೋರಿ ಉಳಿದದ್ದು, ತಂತಮ್ಮ ಮರಿಗಷ್ಟೇ ಸಾಲುವಷ್ಟು. ಐದರದು ಬರೀ ಹಾಲು. ಅಂಥ ಮರಿಗಳಿಗೆ ಇನ್ನೊಂದು ದಾರಿ ಇತ್ತು. ಬೇರೆ ಕುದುರೆಯ ರಕ್ತದಿಂದ ತೆಗೆದ ಪ್ಲಾಸ್ಮಾವನ್ನು ನೇರ ರಕ್ತನಾಳಕ್ಕೆ ಕೊಡುವುದು. ಫ್ರೀಜರಿನಲ್ಲಿದ್ದದ್ದು ನಾಲ್ಕು ಚೀಲ. ಪುಣೆಯಿಂದ ತರಿಸಿದರೆ ಬರಲು ಮೂರು ದಿನ. ಮುಂಚೆಯೇ ತರಿಸಿಡಬೇಕಿದ್ದರೆ ಅದರ ಕಾರಣವನ್ನೂ ಬರೆಯಬೇಕಿತ್ತು.

ಗೌಡರನ್ನು ಶಾಮಿಯಾನದ ಹಿಂದೆ ಕರೆದು ಹೇಳಿದಳು. ಅವರು ಕೈಯಲ್ಲಿದ್ದ ಬಾದಾಮಿ ಹಾಲು ಮುಗಿಸಿಯೇ ಮಾತಾಡಿದರು.

"ಮುದುಕಿ ಮರಿ ಬಿಟ್ಬುಟ್ಟು ಮಿಕ್ಕಿದ್ ನಾಕಕ್ಕೆ ಹಾಕಿ. ಅದೇನು, ಪುಣೇದು ಬರಗಂಟ ತಡ್ಕಳಲ್ವಾ?"

"ತಡೆಯೋಕೆ ಅದಕ್ಕೆ ಪಟ್ಟಿ ಕಟ್ಟೋಕಾಗಲ್ಲ ಗೌಡ್ರೇ," ಎಂದಳು. ಗೌಡರಿಗೆ ಅದು ತಮಾಷೆಯಾಗಿ ಕೇಳಿಸಿತು. ಅವರು ನಕ್ಕು ಮಂತ್ರಿಗಳ ಕಡೆ ಹೋದರು.

ಅವಳು ಬುಡನ್‌ನ ಹತ್ತಿರ ಬಂದು, "ಸಾಬ್ರೇ, ಆ ಡಬ್ಬಿ," ಎಂದಳಷ್ಟೆ. ಅವನು ಆಗಲೇ ಮನೆಗೆ ಫೋನು ಹಚ್ಚಿದ್ದ. "ಏ ಮೆಹಬೂಬಿ, ಡಬ್ಬಿ ತೆಗಿ. ಬೆಚ್ಚಗೆ ಮಾಡ್ಕೊಂಡು ತಗೊಂಡ್ ಬಾ, ಜಲ್ದಿ!" ಹೊತ್ತು ಇನ್ನೂ ಹನ್ನೆರಡಾಗಿರಲಿಲ್ಲ. ಮರಿಯ ಕರುಳಿನ ಬಾಗಿಲು ಮುಚ್ಚಲು ಅರ್ಧ ದಿನಕ್ಕಿಂತ ಹೆಚ್ಚು ಸಮಯವಿತ್ತು. ಅನುಮತಿಯ ಮೇಜಿಗೆ ಏನು ಬೇಕಾದರೂ ಹೋಗಲಿ ಎಂದು ಸುಮಂಗಲ ಬಾಟಲಿ, ರಬ್ಬರು ತೊಟ್ಟು ಎಲ್ಲ ಸಿದ್ಧ ಮಾಡಿಕೊಂಡಳು. ಆ ದಿನ ಮೊದಲ ಸಲ ಅವಳ ಎದೆ ಹಗುರಾಗಿತ್ತು.

ಅರ್ಧ ಗಂಟೆಯೊಳಗೆ ಮೆಹಬೂಬಿ ಓಡಿ ಬಂದಳು. ಸೆರಗಿನಲ್ಲಿ ಹಿಡಿದಿದ್ದ ಡಬ್ಬಿಯಿಂದ ಹಬೆ ಏಳುತ್ತಿತ್ತು. ಸುಮಂಗಲ ಮುಚ್ಚಳ ತೆಗೆದಳು.

ಡಬ್ಬಿಯ ತುಂಬ ಗಟ್ಟಿಯಾಗಿ, ನುಣ್ಣಗೆ, ತಿಳಿಹಳದಿಯಾಗಿ ಹೆಪ್ಪುಗಟ್ಟಿತ್ತು. ಹಬ್ಬಕ್ಕೆ ಹಸುವಿನ ಗಿಣ್ಣು ಬೇಯಿಸಿ ತಟ್ಟೆಯಲ್ಲಿ ಬಿಲ್ಲೆ ಬಿಲ್ಲೆಯಾಗಿ ಕುಯ್ಯುತ್ತಾರಲ್ಲ, ಅದೇ.

"ಕಾಯಿಸ್ತಾ ಕಾಯಿಸ್ತಾನೇ ಗಟ್ಟಿ ಆಗೋಯ್ತು ಡಾಕ್ಟ್ರಮ್ಮ," ಎಂದಳು ಮೆಹಬೂಬಿ ಏದುಸಿರಿನಲ್ಲಿ. "ಆದ್ರೂ ನಾನು ಬಿಡ್ಲಿಲ್ಲ, ಪೂರಾ ಬೇಯಿಸ್ದೆ. ಸೌಟಲ್ಲಿ ಒಡ್ದು, ನೀರು ಹಾಕಿ ಕೊಡ್ಲಾ?"

ಎರಡು ವರ್ಷದ ಹಿಂದೆ ಮರಿಗಳಿಗೆ ನ್ಯುಮೋನಿಯಾ, ಸೈಸುಗಳ ಮಕ್ಕಳಿಗೆ ವಾಂತಿಭೇದಿ ಒಟ್ಟಿಗೇ ಬಂದಾಗ, ಸುಮಂಗಲ ಸಾಲುಮನೆಯ ಹೆಂಗಸರನ್ನು ಕೂರಿಸಿಕೊಂಡು ನಾಲ್ಕು ದಿನ ಪಾಠ ಮಾಡಿದ್ದಳು. ಹಸಿ ಹಾಲು ಯಾವ ಮರಿಗೂ, ಯಾವ ಮಗುವಿಗೂ ಕೊಡಬೇಡಿ. ಬೆಚ್ಚಗೆ ಮಾಡಿದರೆ ಸಾಲದು, ಮೂರು ಉಕ್ಕು ಬರಬೇಕು. ಕೊನೆಯ ದಿನ ಪ್ರಶ್ನೆ ಕೇಳಿದಾಗ ಎಲ್ಲಕ್ಕೂ ಸರಿಯುತ್ತರ ಹೇಳಿದವಳು ಮೆಹಬೂಬಿ ಒಬ್ಬಳೇ. ಗಂಡ ಬೆಚ್ಚಗೆ ಎಂದಿದ್ದ. ಗಂಡಸರಿಗೆ ಇದೆಲ್ಲ ಏನು ಗೊತ್ತು ಎಂದು ಅವಳು ಡಾಕ್ಟರು ಹೇಳಿಕೊಟ್ಟಂತೆ ಮಾಡಿದ್ದಳು. ಕುದಿಯುವ ಶಾಖದಲ್ಲಿ ಕ್ರಿಮಿಗಳು ಸಾಯುತ್ತವೆ, ನಿಜ. ಪ್ರತಿಕಾಯಗಳೂ ಉಳಿಯುವುದಿಲ್ಲ. ಮೊಟ್ಟೆಯ ಬಿಳಿಯಂತೆ ಬೆಂದು ಹೋಗುತ್ತವೆ. ಆ ಪಾಠವನ್ನು ಸುಮಂಗಲ ಮಾಡಿರಲಿಲ್ಲ.

ಬುಡನ್ ಡಾಕ್ಟರ ಮುಖ ನೋಡಿದ. ಕೇಳುವ ಅಗತ್ಯ ಬೀಳಲಿಲ್ಲ.

"ತಡ ಆಗೋಯ್ತು ಕಣೇ," ಎಂದ ಹೆಂಡತಿಗೆ. "ಟೈಮ್ ಮುಗಿದೋಯ್ತಂತೆ. ನೀನು ಮನೆಗ್ ಹೋಗು."

ಮರಿ ಎರಡು ದಿನ ಚೆನ್ನಾಗಿತ್ತು. ತಾಯಿಯ ಬಾಲ ಕಚ್ಚಿತು, ಬುಡನ್‌ನ ಅಂಗಿಯ ಗುಂಡಿ ನುಂಗಲು ನೋಡಿತು. ಮೂರನೆಯ ದಿನ ಹಾಲು ಕುಡಿಯುವುದನ್ನು ಬಿಟ್ಟಿತು. ಮುಂಗಾಲಿನ ಗಂಟು ಊದಿ ಬಿಸಿಯಾಗಿತ್ತು. ಹೊಕ್ಕುಳಿನಿಂದಲೋ ಬಾಯಿಯಿಂದಲೋ ಹೊಕ್ಕ ಕ್ರಿಮಿ ಯಾರ ತಡೆಯೂ ಇಲ್ಲದೆ ರಕ್ತ ಸೇರಿ ಕೀಲುಗಳಿಗೆ ಇಳಿದಿತ್ತು. ಪುಣೆಯ ಚೀಲ ಅಂದು ಸಂಜೆ ಬಂತು. ಅದನ್ನೂ ಕೊಟ್ಟರು, ಗಂಟೆಗೊಮ್ಮೆ ಔಷಧವನ್ನೂ ಕೊಟ್ಟರು. ಐದನೆಯ ದಿನ ಬೆಳಿಗ್ಗೆ ಮರಿ ಎದ್ದು ನಿಲ್ಲಲು ಒಂದು ಸಲ ಪ್ರಯತ್ನಿಸಿ, ಬುಡನ್‌ನ ತೊಡೆಯ ಮೇಲೆ ತಲೆಯಿಟ್ಟು ಸತ್ತಿತು. ಅಮ್ಮಣ್ಣಿ ಅದನ್ನು ಮೂಸಿ ಮೂಸಿ ಮೂತಿಯಿಂದ ತಳ್ಳುತ್ತಿದ್ದಳು. ಅವಳ ಕೆಚ್ಚಲಿನಿಂದ ಹಾಲು ಧಾರೆಯಾಗಿ ಸುರಿಯುತ್ತಿತ್ತು, ಆಗ ಅದಕ್ಕೇನೂ ಕೊರತೆಯಿರಲಿಲ್ಲ.

"ಒಂಬತ್ರಾಗೆ ಎಂಟು!" ಎಂದರು ಬೋರಲಿಂಗೇಗೌಡರು. "ಪರೀಕ್ಸೇಲಿ ಇಷ್ಟು ಬಂದ್ರೆ ಫಸ್ಟ್ ಕ್ಲಾಸ್ ಡಾಕ್ಟ್ರಮ್ಮ." ಜೋಯಿಸರು ಒಂಬತ್ತು ನಲವತ್ತರ ಗಳಿಗೆಯಲ್ಲಿ ಸಣ್ಣದೊಂದು ದೋಷ ಇದ್ದದ್ದನ್ನು ಕಂಡುಹಿಡಿದರು. ಅನುಮತಿ ಕೊಡುವವರಿಗೂ ಎಂಟು ಸಾಕಾಯಿತು. ಹಾಲಿನ ಬಗ್ಗೆ ಅವರ ನಮೂನೆಯಲ್ಲಿ ಪ್ರಶ್ನೆಯೇ ಇರಲಿಲ್ಲ. ಕೇಳದ್ದನ್ನು ಸುಮಂಗಲ ಬರೆಯಲಿಲ್ಲ. ಕೈಪಿಡಿಯಲ್ಲಿ ಐದು ಎಂಬಲ್ಲಿ ಇಪ್ಪತ್ತು ಎಂದು ತಿದ್ದಿದ ಕರಡು ಬಂದಾಗ ಅದರ ಕೆಳಗೆ ಸಹಿ ಹಾಕಿದಳು.

ಆ ತಿಂಗಳ ಕೊನೆಗೆ ಅವಳು ಬುಡನ್‌ನ ಮನೆಗೆ ಹೋದಳು. ಅವನು ನೆಲದ ಮೇಲೆ ಕೂತು ಲಗಾಮಿನ ಚರ್ಮಕ್ಕೆ ಎಣ್ಣೆ ಹಚ್ಚುತ್ತಿದ್ದ. ಮೆಹಬೂಬಿ ಅವಳಿಗೆ ಕುರ್ಚಿ ಒರೆಸಿ ಕೊಟ್ಟು, ಎದುರಿಗೇ ನಿಂತಳು.

"ಡಾಕ್ಟ್ರಮ್ಮ, ಇವ್ರು ತಡ ಆಯ್ತು ಅಂತಾರೆ. ನಾನು ಅರ್ಧ ಗಂಟೇಲಿ ಓಡ್ ಬಂದೆ. ತಡ ಹೆಂಗಾಯ್ತದೆ? ನಲವತ್ತು ವರ್ಷದ ಸಂಸಾರ, ಇವ್ರದು ಸುಳ್ಳು ನಂಗೆ ವಾಸನೇಲೇ ಗೊತ್ತಾಯ್ತದೆ. ನೀವು ಓದಿರೋರು, ನಿಜ ಹೇಳಿ. ಮೂರನೇ ಉಕ್ಕು ಸರಿಯಾಗಿ ಬಂದಿರ್ಲಿಲ್ಲ, ಅಷ್ಟ್ರಲ್ಲೇ ಗಟ್ಟಿ ಆಯ್ತು. ಅದಕ್ಕೇ ಅಲ್ವಾ ಮರಿ ಹೋಗಿದ್ದು? ಕ್ರಿಮಿ ಉಳ್ಕೊಂಡ್ಬಿಡ್ತಾ?"

ಬುಡನ್ ತಲೆ ಎತ್ತಲಿಲ್ಲ. ಅವನ ಕೈ ಮಾತ್ರ ಚರ್ಮದ ಒಂದೇ ಜಾಗವನ್ನು ತೀಡುತ್ತಿತ್ತು.

"ಇಲ್ಲ," ಎಂದಳು ಸುಮಂಗಲ. "ನೀವು ಸರಿಯಾಗೇ ಕಾಯಿಸಿದ್ರಿ. ನಿಮ್ಮ ತಪ್ಪೇನೂ ಇಲ್ಲ."

ಮೆಹಬೂಬಿಯ ಮುಖ ಸಡಿಲವಾಯಿತು. ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅಲ್ಲಾಹ್ ನಿಮ್ಮನ್ನ ಚೆನ್ನಾಗಿಟ್ಟಿರ್ಲಿ. ಎರಡು ವಾರದಿಂದ ನಂಗೆ ಅನ್ನ ಇಳೀತಿರ್ಲಿಲ್ಲ. ಬರೋ ವರ್ಷನೂ ಗೌಡ್ರು ಹಿಂಗೇ ನಕ್ಷತ್ರಕ್ಕೆ ಕಾಯಿಸ್ತಾರಂತೆ, ಹಾಲು ಹಿಂಗೇ ಸೋರ್ತದೆ ಅಂತ ಇವ್ರು ಅಂದ್ರು. ಅದಕ್ಕೇ ಸಾಲಿನೋರಿಗೆಲ್ಲ ಹೇಳಿದೀನಿ ಡಾಕ್ಟ್ರಮ್ಮ. ಮನೆಗೊಂದು ಡಬ್ಬಿ ಇಟ್ಕೊಳ್ಳೋದು, ಹಿಡಿದ್ ದಿನವೇ ಮೂರು ಉಕ್ಕು ಬರ್ಸಿ ಗಟ್ಟಿ ಮಾಡಿ ಇಟ್ಬಿಡೋದು. ಎಲ್ರೂ ಒಪ್ಕೊಂಡಿದಾರೆ."

ಸುಮಂಗಲ ಕುರ್ಚಿಯಿಂದ ಎದ್ದು ನೆಲದ ಮೇಲೆ ಕೂತಳು.

"ಮೆಹಬೂಬಿ," ಎಂದಳು, "ಇಲ್ಲಿ ಸ್ವಲ್ಪ ಕೂತ್ಕೊಳ್ಳಿ."

ಬುಡನ್ ಸಾಬ್ ಲಗಾಮನ್ನು ಕೆಳಗಿಟ್ಟು ಎದ್ದು, ಹೊರಗೆ ಹೋಗಲು ಚಪ್ಪಲಿ ಹುಡುಕತೊಡಗಿದ.